ಸೈಕಲ್ ಜಾಗೃತಿಗೆ ಬ್ಯಾನರ್ ಬೇಡ, ಪಂಚರ್ ಡಬ್ಬಿ ಸಾಕು

ವಿಜಯಪುರದ ಗೆಳೆಯರೇ, ಜೂನ್ 3 ವಿಶ್ವ ಸೈಕಲ್ ದಿನ. ವಿಶ್ವಸಂಸ್ಥೆ 2018ರಲ್ಲಿ ಇದನ್ನು ಗೊತ್ತು ಮಾಡಿತು. ಓಣಿಯಲ್ಲಿ ಏನಾದರೂ ಮಾಡಬೇಕು ಅನ್ನುವವರಿಗೆ ನನ್ನದೊಂದು ಸಲಹೆ.

ಒಮ್ಮೆ ನಾವೂ ಟೋಪಿ ಹಾಕಿಕೊಂಡು ಜಾಥಾ ಮಾಡಿದ್ದೆವು. ಫೋಟೊ ಚೆನ್ನಾಗಿ ಬಂದವು. ಮರುದಿನ ಎಲ್ಲರೂ ಮತ್ತೆ ಬೈಕ್ ಹತ್ತಿದರು, ನಾನೂ ಸೇರಿ!

ಆಮೇಲೆ ಸುಮ್ನೆ ಮನೆ ಮನೆಗೆ ಹೋಗಿ ಕೇಳಿದೆವು. ಬಹಳ ಮನೆಗಳಲ್ಲಿ ಸೈಕಲ್ ಇತ್ತು, ಆದರೆ ಗಾಳಿ ಇರಲಿಲ್ಲ. ನಮ್ಮ ಕಡೆ ಜಾಲಿ ಮುಳ್ಳು ಜಾಸ್ತಿ ಅಲ್ವಾ, ಎರಡು ಸಲ ಪಂಚರ್ ಆದರೆ ಸೈಕಲ್ ಮೂಲೆ ಸೇರುತ್ತದೆ. ಹಾಗಾಗಿ ಭಾನುವಾರ ಬೆಳಿಗ್ಗೆ ಆರಕ್ಕೆ ಗುಡಿ ಮುಂದೆ ರಿಪೇರಿ ಇಟ್ಟೆವು. ಪಂಪು, ಪ್ಯಾಚು, ಎಣ್ಣೆ, ಒಂದು ಬಕೆಟ್ ನೀರು. ಪಂಚರ್ ಅಂಗಡಿಯವರಿಗೆ ಕೂಲಿ ಕೊಟ್ಟು ಕೂರಿಸಿದೆವು. ಅದನ್ನು ಪುಕ್ಕಟೆ ಕೇಳಬೇಡಿ. ಟೈರಿನ ಒಳಗೆ ಹತ್ತಿ ಬಟ್ಟೆ ಸವರಿದರೆ ಉಳಿದ ಮುಳ್ಳು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಮಕ್ಕಳ ಕೈಯಿಂದಲೇ ಮಾಡಿಸಿ, ಒಮ್ಮೆ ಕಲಿತರೆ ಮರೆಯುವುದಿಲ್ಲ.

ರಿಪೇರಿ ಆದ ಮೇಲೆ ಗೋಳಗುಮ್ಮಟದ ತನಕ ಒಂದು ಸುತ್ತು. ಬಿಸಿಲು ಏರುವ ಮುಂಚೆ ವಾಪಸ್ ಬನ್ನಿ. ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸಿ ಕಳಿಸಿ.

ಭಾಷಣ ಬೇಕೇ ಬೇಕು ಅಂದರೆ ಹಳೆಯ ಸೈಕಲ್ ಪಟುವೊಬ್ಬರನ್ನು ಕರೆಯಿರಿ. ವಿಜಯಪುರ, ಬಾಗಲಕೋಟೆ ಕಡೆ ಅವರಿಗೇನು ಬರವೇ? ಹೆಣ್ಣುಮಕ್ಕಳಿಗೆ ಬ್ಯಾಲೆನ್ಸ್ ಕಲಿಸಲು ಬೇರೆ ಹೊತ್ತು ಇಡಿ, ಸಂಜೆ ಖಾಲಿ ಮೈದಾನ ಆದರೆ ಒಳ್ಳೆಯದು. ಸೀಟು ಇಳಿಸಿ, ಎರಡೂ ಕಾಲು ನೆಲಕ್ಕೆ ತಾಗುವಂತಿರಲಿ.