ಅಂಗಡಿಯ ರೊಟಿಸರಿ ಕೋಳಿಯಿಂದ ಥ್ಯಾಂಕ್ಸ್‌ಗಿವಿಂಗ್ ಊಟ

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇಡಿಯಾಗಿ ಬೇಯಿಸಿದ ಟರ್ಕಿ ಬಡಿಸುವುದು ಅಲ್ಲಿನ ವಾಡಿಕೆ. ಆದರೆ ಆರು ಕಿಲೋ ತೂಕದ ಹಕ್ಕಿಯ ಹಿಮ ಬಿಡಿಸಲು ಫ್ರಿಜ್ಜಿನಲ್ಲಿ ಮೂರು ದಿನ ಇಟ್ಟು, ಆಮೇಲೆ ಗಂಟೆಗಟ್ಟಲೆ ಓವನ್ ಕಾಯುವುದು ಐದಾರು ಜನರ ಊಟಕ್ಕೆ ಅತಿಯಾದ ಶ್ರಮ. ಅಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಂತೂ ಟರ್ಕಿಯನ್ನು ಇಷ್ಟಪಟ್ಟು ತಿನ್ನುವವರು ವಿರಳ. ಅಂಥ ಮನೆಗಳಿಗೆ ಅಂಗಡಿಯಲ್ಲಿ ಸುಟ್ಟು ಸಿದ್ಧವಾಗಿ ಸಿಗುವ ರೊಟಿಸರಿ ಕೋಳಿ ಸಾಕು. ಅದನ್ನು ಎರಡನೆಯ ಬಾರಿ ಬೇಯಿಸಲು ಹೋಗದೆ, ಹದವಾಗಿ ಬಿಸಿಮಾಡಿ, ನಮ್ಮ ಶ್ರಮವನ್ನೆಲ್ಲ ಅದರ ಮೂಳೆಯಿಂದ ತೆಗೆಯುವ ಗ್ರೇವಿಗೆ ಮೀಸಲಿಡಬೇಕು, ಅಷ್ಟೆ.

ಆರು ಜನರಿಗೆ ಎರಡು ಕೋಳಿ ತನ್ನಿ. ಕಾಸ್ಟ್‌ಕೊ ಮಳಿಗೆಯಲ್ಲಿ ಸುಮಾರು ಮೂರು ಪೌಂಡ್ ತೂಕದ ಕೋಳಿ ಹಲವು ವರ್ಷಗಳಿಂದ 4.99 ಡಾಲರಿಗೇ ಸಿಗುತ್ತಿದೆ. ಹಬ್ಬದ ದಿನ ಆ ಮಳಿಗೆ ಮುಚ್ಚಿರುವುದರಿಂದ ಬುಧವಾರವೇ ತಂದಿಟ್ಟುಕೊಳ್ಳಬೇಕು. ಬೇರೆ ಅಂಗಡಿಗಳಲ್ಲಿ ಬಾರ್ಬೆಕ್ಯೂ, ನಿಂಬೆ ಮತ್ತು ಕಾಳುಮೆಣಸು ಎಂಬ ಬಗೆಬಗೆಯ ಮಸಾಲೆಯವೂ ಇರುತ್ತವೆ. ಗ್ರೇವಿ ಮಾಡುವ ಉದ್ದೇಶವಿರುವವರು ಅವುಗಳ ಗೋಜಿಗೆ ಹೋಗದೆ ಸಾದಾ ಕೋಳಿಯನ್ನೇ ಆರಿಸಬೇಕು.

ಕೋಳಿಯನ್ನು ಹಾಗೆಯೇ ಇಡಿಯಾಗಿ ಓವನ್ನಿನಲ್ಲಿಟ್ಟು ಮರುದಿನ ಬಿಸಿಮಾಡುವುದೇ ಹೆಚ್ಚಿನವರು ಹಿಡಿಯುವ ದಾರಿ. ಇದನ್ನು ನಾನು ಒಪ್ಪುವುದಿಲ್ಲ. ತೊಡೆಯ ಒಳಭಾಗಕ್ಕೆ ಬಿಸಿ ತಲುಪುವಷ್ಟರಲ್ಲಿ ಎದೆಯ ಮಾಂಸ ಒಣಗಿ ನಾರಾಗಿರುತ್ತದೆ, ಚರ್ಮ ಮಾತ್ರ ಮೆತ್ತಗೆ ಜೋತುಬಿದ್ದೇ ಇರುತ್ತದೆ. ಆದ್ದರಿಂದ ಬುಧವಾರ ಸಂಜೆ ಮನೆಗೆ ಬಂದ ಕೂಡಲೇ, ಬೆಚ್ಚಗಿರುವಾಗಲೇ, ಅದನ್ನು ಬಿಡಿಸಿಬಿಡಿ. ಮೊದಲು ಕಾಲುಗಳನ್ನು ಹೊರಕ್ಕೆ ಬಾಗಿಸಿ, ಕೀಲು ಕಂಡಲ್ಲಿ ಚೂರಿ ಹಾಕಿ, ತೊಡೆಯ ಸಮೇತ ಬೇರ್ಪಡಿಸಿ, ಆಮೇಲೆ ರೆಕ್ಕೆಗಳು. ಎದೆಯ ಮೇಲಿನ ಚರ್ಮವನ್ನು ಹರಿಯದಂತೆ ಸುಲಿದು ಬೇರೆಯಾಗಿಟ್ಟು, ನಡುಮೂಳೆಯ ಎರಡೂ ಬದಿಗೆ ಚೂರಿ ಓಡಿಸಿ ಎದೆಯ ಎರಡು ಹೋಳುಗಳನ್ನು ಇಡಿಯಾಗಿ ಎತ್ತಿಕೊಳ್ಳಿ. ಅವನ್ನು ಈಗಲೇ ತುಂಡು ಮಾಡಬೇಡಿ. ಹೆಚ್ಚಿದಷ್ಟೂ ಮರುದಿನ ಬಿಸಿಮಾಡುವಾಗ ರಸ ಸೋರುತ್ತದೆ. ಪೊಟ್ಟಣದ ತಳದಲ್ಲಿ ನಿಂತ ರಸವನ್ನು ಚೆಲ್ಲದೆ ಒಂದು ಬಟ್ಟಲಿಗೆ ಬಸಿದಿಡಿ. ಬೆಂದ ಮಾಂಸ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು ಎಂಬ ನಿಯಮದಲ್ಲಿ ಅಂಗಡಿಯಿಂದ ಮನೆಗೆ ಬರುವ ಹೊತ್ತೂ ಸೇರಿದೆಯಾದ್ದರಿಂದ, ಬಿಡಿಸಿದ್ದನ್ನು ಅಗಲವಾದ ಡಬ್ಬಿಗಳಲ್ಲಿ ಹರಡಿ ತಕ್ಷಣ ಫ್ರಿಜ್ಜಿಗೆ ಸೇರಿಸಿ.

ಇನ್ನು ಮೂಳೆಗಳು. ಎರಡೂ ಕೋಳಿಯ ಗೂಡು, ಬೆನ್ನಿನ ಚರ್ಮ, ರೆಕ್ಕೆಯ ತುದಿಗಳನ್ನು ಒಂದು ಈರುಳ್ಳಿ, ಒಂದು ಗಜ್ಜರಿ, ಎರಡು ಸೆಲರಿ ದಂಟು, ಹತ್ತು ಕಾಳುಮೆಣಸು, ಒಂದು ಪಲಾವ್ ಎಲೆಯೊಂದಿಗೆ ಪಾತ್ರೆಗೆ ಹಾಕಿ, ಮುಳುಗುವಷ್ಟೇ ತಣ್ಣೀರು ಎರೆದು, ಕುದಿ ಹತ್ತಿದ ಮೇಲೆ ಉರಿ ತಗ್ಗಿಸಿ ಎರಡೂವರೆ ಗಂಟೆ ಬಿಡಿ. ಪ್ರೆಶರ್ ಕುಕ್ಕರಿನಲ್ಲಾದರೆ ಮುಕ್ಕಾಲು ಗಂಟೆ ಸಾಕು. ಉಪ್ಪನ್ನು ಮಾತ್ರ ಹಾಕಲೇಬೇಡಿ. ರೊಟಿಸರಿ ಕೋಳಿಗೆ ಸುಡುವ ಮೊದಲೇ ಉಪ್ಪುನೀರನ್ನು ಊಡಿಸಿರುತ್ತಾರೆ. ಆ ಉಪ್ಪೆಲ್ಲ ಸಾರಿಗೆ ಇಳಿದು, ಸಾರು ಬತ್ತಿದಂತೆ ಇನ್ನಷ್ಟು ಗಾಢವಾಗುತ್ತದೆ. ಸೋಸಿದ ಸಾರನ್ನು ಬಟ್ಟಲಿನ ರಸದೊಂದಿಗೆ ಬೆರೆಸಿ ನಾಲ್ಕು ಕಪ್ಪಿನಷ್ಟಾಗುವವರೆಗೆ ಬತ್ತಿಸಿ, ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ಆರಿಸಿ, ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಅದು ಅಲುಗುವ ಜೆಲ್ಲಿಯಂತಾಗಿ, ಮೇಲೆ ಹಳದಿ ಕೊಬ್ಬು ಕೆನೆಗಟ್ಟಿರುತ್ತದೆ.

ಆ ಕೊಬ್ಬನ್ನು ಎತ್ತಿ, ಸಾಲದಿದ್ದರೆ ಬೆಣ್ಣೆ ಸೇರಿಸಿ ಆರು ದೊಡ್ಡ ಚಮಚದಷ್ಟು ಮಾಡಿಕೊಂಡು, ಅಷ್ಟೇ ಮೈದಾವನ್ನು ಅದರಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಹಸಿ ವಾಸನೆ ಹೋದೊಡನೆ ನಿಲ್ಲಿಸುವವರೇ ಹೆಚ್ಚು. ಹದವಾದ ಕಂದು ಬಣ್ಣ ಬರುವವರೆಗೆ ಕೈಬಿಡದೆ ತಿರುವಿದರೆ ರುಚಿಯೇ ಬೇರೆ. ಬಿಸಿಮಾಡಿದ ಸಾರನ್ನು ಅದಕ್ಕೆ ಸ್ವಲ್ಪಸ್ವಲ್ಪವಾಗಿ ಎರೆಯುತ್ತ ಗಂಟಾಗದಂತೆ ಕಲಸಿ, ಹತ್ತು ನಿಮಿಷ ಕುದಿಸಿ, ಕೊನೆಯಲ್ಲಿ ಥೈಮ್ ಎಲೆ ಮತ್ತು ಕಾಳುಮೆಣಸಿನ ಪುಡಿ ಹಾಕಿ. ಉಪ್ಪು ಬೇಕೋ ಬೇಡವೋ ಎಂಬುದನ್ನು ಆಗ ನಾಲಗೆಗೆ ಹಚ್ಚಿ ನಿರ್ಧರಿಸಿ.

ಓವನ್ ಒಂದೇ ಇದ್ದರೆ ಕ್ರಮ ಮುಖ್ಯ. ಮಧ್ಯಾಹ್ನ ಬಿಡುವಾದಾಗ ಎದೆಯ ಚರ್ಮವನ್ನು ಎರಡು ಬೇಕಿಂಗ್ ಪೇಪರಿನ ನಡುವೆ ಚಪ್ಪಟೆಯಾಗಿ ಹರಡಿ, ಮೇಲೆ ಇನ್ನೊಂದು ತಟ್ಟೆಯ ಭಾರ ಹೇರಿ, 400 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಕಾಲು ಗಂಟೆ ಇಡಿ. ಬಣ್ಣ ಬಾರದಿದ್ದರೆ ಇನ್ನೆರಡು ಮೂರು ನಿಮಿಷ. ಆರಿದ ಮೇಲೆ ಅದು ಹಪ್ಪಳದಂತೆ ಗರಿಗರಿಯಾಗುತ್ತದೆ. ಊಟಕ್ಕೆ ಮುಕ್ಕಾಲು ಗಂಟೆ ಮೊದಲು ಎದೆಯ ಹೋಳುಗಳನ್ನು ಆಳವಾದ ತಟ್ಟೆಯಲ್ಲಿಟ್ಟು, ಗ್ರೇವಿಗೆ ಬಳಸುವ ಮುನ್ನವೇ ತೆಗೆದಿರಿಸಿಕೊಂಡ ಅರ್ಧ ಕಪ್ ಸಾರು ಮತ್ತು ಒಂದಿಷ್ಟು ಬೆಣ್ಣೆ ಹಾಕಿ, ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಿ, 325 ಡಿಗ್ರಿಯಲ್ಲಿ ಬಿಸಿಮಾಡಿ. ಇಪ್ಪತ್ತರಿಂದ ಇಪ್ಪತ್ತೈದು ನಿಮಿಷಕ್ಕೆ ಒಳಭಾಗ 165 ಡಿಗ್ರಿ, ಅಂದರೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಥರ್ಮಾಮೀಟರ್ ಚುಚ್ಚಿ ನೋಡಿ. ಅಂದಾಜು ಇಲ್ಲಿ ಎರಡೂ ಕಡೆ ಕೈಕೊಡುತ್ತದೆ. ಅದನ್ನು ಮುಚ್ಚಿದಂತೆಯೇ ಹೊರಗಿಟ್ಟು, ಓವನ್ನಿನ ಶಾಖವನ್ನು 425ಕ್ಕೆ ಏರಿಸಿ, ಕಾಲು, ತೊಡೆ, ರೆಕ್ಕೆಗಳ ಚರ್ಮವನ್ನು ಒರೆಸಿ ಒಣಗಿಸಿ, ಜಜ್ಜಿದ ಬೆಳ್ಳುಳ್ಳಿ ಮತ್ತು ರೋಸ್‌ಮೇರಿ ಬೆರೆಸಿದ ಬೆಣ್ಣೆ ಸವರಿ ಒಳಗಿಡಿ. ಹತ್ತು ನಿಮಿಷದ ಮೇಲೆ ಎರಡು ಚಮಚ ಮೇಪಲ್ ಸಿರಪ್, ಒಂದು ಚಮಚ ಸಾಸಿವೆ ಪೇಸ್ಟ್, ಅರ್ಧ ಕಿತ್ತಳೆಯ ರಸ ಕಲಸಿದ ಪಾಕವನ್ನು ಬಳಿದು ಇನ್ನೈದು ನಿಮಿಷ ಬಿಡಿ. ಪಾಕವನ್ನು ಮೊದಲೇ ಬಳಿದರೆ ಸಕ್ಕರೆ ಕರಿಯಾಗಿ ಕಹಿಯಾಗುತ್ತದೆ. ಕಾಲಿನ ಮಾಂಸವೂ ಅದೇ 165 ಡಿಗ್ರಿ ಮುಟ್ಟಿರಬೇಕು.

ಜೊತೆಗೆ ಇಡುವವುಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 340 ಗ್ರಾಮಿನ ಒಂದು ಚೀಲ ಕ್ರ್ಯಾನ್‌ಬೆರಿಗೆ ಒಂದು ಕಪ್ ನೀರು, ಒಂದು ಕಪ್ ಸಕ್ಕರೆ ಹಾಕಿ ಹಣ್ಣು ಸಿಡಿಯುವವರೆಗೆ ಹತ್ತು ನಿಮಿಷ ಕುದಿಸಿದರೆ ಸಾಸ್ ಸಿದ್ಧ. ಶುಂಠಿ, ಒಣಮೆಣಸಿನಕಾಯಿ, ಸಾಸಿವೆಯ ಒಗ್ಗರಣೆ ಬಿದ್ದರೆ ನಮ್ಮ ಗೊಜ್ಜಿನ ನಾಲಗೆಗೆ ಇನ್ನೂ ಹಿತ. ಬ್ರೆಡ್ಡಿನ ಸ್ಟಫಿಂಗನ್ನು ಬೇರೆ ತಟ್ಟೆಯಲ್ಲಿ, ತರಕಾರಿ ಸಾರಿನಲ್ಲೇ ಮಾಡಿ. ಪಂಕ್ತಿಯಲ್ಲಿ ಮಾಂಸ ತಿನ್ನದವರು ಒಬ್ಬರಾದರೂ ಇರುತ್ತಾರೆ; ಅಂಥವರಿಗೆ ಅಣಬೆ ಮತ್ತು ಈರುಳ್ಳಿಯ ಗ್ರೇವಿಯನ್ನೂ ಪ್ರತ್ಯೇಕವಾಗಿ ಮಾಡಿಡುವುದು ಒಳ್ಳೆಯದು.

ಬಡಿಸಲು ನಿಮ್ಮಲ್ಲಿರುವ ಅತಿ ದೊಡ್ಡ ತಟ್ಟೆಯನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿಕೊಳ್ಳಿ. ಎದೆಯ ಹೋಳುಗಳನ್ನು ನಾರಿಗೆ ಅಡ್ಡವಾಗಿ ಬೆರಳಿನ ದಪ್ಪಕ್ಕೆ ಹೆಚ್ಚಿ, ಆಕಾರ ಕೆಡದಂತೆ ನಡುವೆ ಓರೆಯಾಗಿ ಜೋಡಿಸಿ, ತಟ್ಟೆಯಲ್ಲಿ ಉಳಿದ ರಸವನ್ನು ಅವುಗಳ ಮೇಲೆ ಸುರಿಯಿರಿ. ಕಾಲುಗಳ ತುದಿ ಹೊರಮುಖವಾಗಿರಲಿ, ತೊಡೆ ಮತ್ತು ರೆಕ್ಕೆಗಳು ಅವುಗಳ ನಡುವೆ ಬರಲಿ. ಅಂಚಿನಲ್ಲಿ ರೋಸ್‌ಮೇರಿ ಕಡ್ಡಿಗಳು, ಕಿತ್ತಳೆಯ ಬಿಲ್ಲೆಗಳು, ಒಂದು ಹಿಡಿ ಕೆಂಪು ದ್ರಾಕ್ಷಿ ಇದ್ದರೆ ಸಾಕು; ಲೆಟಿಸ್ ಹಾಸುವುದು ಬೇಡ, ಬಿಸಿ ಮಾಂಸದಡಿ ಅದು ಬಾಡಿ ನೀರು ಬಿಡುತ್ತದೆ. ಗರಿಗರಿ ಚರ್ಮವನ್ನು ಒರಟಾಗಿ ಮುರಿದು ಎದೆಯ ಮೇಲೆ ಕೊನೆಯ ಗಳಿಗೆಯಲ್ಲಿ ಉದುರಿಸಿ, ಗ್ರೇವಿಯನ್ನು ಬೇರೆ ಪಾತ್ರೆಯಲ್ಲೇ ಇಡಿ.

ಉಳಿದದ್ದನ್ನು ಮತ್ತೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಮೂರು ನಾಲ್ಕು ದಿನದ ಬಾಳಿಕೆಯ ಲೆಕ್ಕ ಕೋಳಿ ತಂದ ಬುಧವಾರದಿಂದಲೇ ಶುರುವಾಗುವುದರಿಂದ, ಶನಿವಾರ ರಾತ್ರಿಯ ಊಟದೊಳಗೆ ಅದನ್ನು ಮುಗಿಸಿಬಿಡಿ.