ಲ್ಯಾಬ್ ಪರೀಕ್ಷೆ: ಪ್ರಶ್ನೆಯ ಚೀಟಿ ಎತ್ತುವುದರಿಂದ ವೈವಾ ಮುಗಿಯುವವರೆಗೆ

ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಪರೀಕ್ಷೆಗೆ ಒಮ್ಮೆ ಬಾಹ್ಯ ಪರೀಕ್ಷಕಿಯಾಗಿ ಹೋಗಿದ್ದೆ. ಹುಡುಗನೊಬ್ಬ ಹದಿನೈದೇ ನಿಮಿಷದಲ್ಲಿ ಲಿಂಕ್ಡ್ ಲಿಸ್ಟ್ ಪ್ರೋಗ್ರಾಂ ಮುಗಿಸಿ ಕೈ ಎತ್ತಿದ. ಔಟ್‌ಪುಟ್ ಸರಿಯಾಗಿಯೇ ಇತ್ತು. ಆದರೆ ಮೊದಲ ಸಾಲಿನ ಕಾಮೆಂಟಿನಲ್ಲಿ (ಟಿಪ್ಪಣಿಯಲ್ಲಿ) ಬೇರೆ ಯಾರದೋ ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ! ಬೆಳಗಿನ ಬ್ಯಾಚಿನವರು ಉಳಿಸಿಹೋಗಿದ್ದ ಫೈಲ್ ಅದು. ಅವನ ಮುಖ ಬಾಡಿಹೋಯಿತು. ನನಗೆ ಕೋಪಕ್ಕಿಂತ ಸಂಕಟವೇ ಹೆಚ್ಚಾಯಿತು. ಏಕೆಂದರೆ ಪ್ರಶ್ನೆ ಕೇಳುತ್ತಾ ಹೋದಂತೆ ತಿಳಿಯಿತು, ಆ ಪ್ರೋಗ್ರಾಂ ಅರ್ಧಕ್ಕಿಂತ ಹೆಚ್ಚು ಅವನಿಗೆ ಗೊತ್ತಿತ್ತು. ಗೊತ್ತಿದ್ದಷ್ಟನ್ನೇ ಬರೆದಿದ್ದರೆ ಪಾಸಾಗುತ್ತಿದ್ದ.

ನಕಲು ಮಾಡುವವರಲ್ಲಿ ಹೆಚ್ಚಿನವರು ಸೋಮಾರಿಗಳಲ್ಲ, ಹೆದರಿದವರು. ಔಟ್‌ಪುಟ್ ಬರದಿದ್ದರೆ ಸೊನ್ನೆ ಎಂದು ಅವರು ನಂಬಿರುತ್ತಾರೆ. ಆದ್ದರಿಂದ ಮೊದಲು ಅಂಕಗಳ ಲೆಕ್ಕ ತಿಳಿದುಕೊಳ್ಳಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದ ಪ್ರಕಾರ, ಸೆಮಿಸ್ಟರ್ ಕೊನೆಯ ಲ್ಯಾಬ್ ಪರೀಕ್ಷೆಯಲ್ಲಿ ಬರವಣಿಗೆಗೆ ಶೇ 20, ಪ್ರಯೋಗ ನಡೆಸಿ ಫಲಿತಾಂಶ ತೋರಿಸುವುದಕ್ಕೆ ಶೇ 60, ವೈವಾಗೆ (ಮೌಖಿಕ ಪರೀಕ್ಷೆಗೆ) ಶೇ 20 ಅಂಕಗಳಿವೆ. 100ಕ್ಕೆ ನೀಡಿದ ಅಂಕಗಳನ್ನು ನಂತರ 50ಕ್ಕೆ ಇಳಿಸುತ್ತಾರೆ. ಪ್ರೋಗ್ರಾಂ ಕೊನೆಯ ಸಾಲಿನಲ್ಲಿ ಎಡವಿದರೂ ಬರವಣಿಗೆಯ ಅಂಕ, ವೈವಾದ ಅಂಕ ನಿಮ್ಮ ಕೈಯಲ್ಲೇ ಇರುತ್ತವೆ.

ತಯಾರಿ ಒಂದು ವಾರ ಮೊದಲೇ ಶುರುವಾಗಬೇಕು. ರೆಕಾರ್ಡ್ ಪುಸ್ತಕವನ್ನು ಬಾಯಿಪಾಠ ಮಾಡಬೇಡಿ. ಪುಸ್ತಕ ಮುಚ್ಚಿಟ್ಟು ದಿನಕ್ಕೆರಡು ಪ್ರೋಗ್ರಾಂಗಳನ್ನು ಟೈಪ್ ಮಾಡಿ. ಅದು ಓಡಿದ ಮೇಲೆ ನಿಜವಾದ ಅಭ್ಯಾಸ ಆರಂಭ: ಬೇಕೆಂದೇ ಒಂದೊಂದು ಕಡೆ ಕೆಡಿಸಿ ನೋಡಿ. ಸಿ ಭಾಷೆಯಲ್ಲಿ ಒಂದು ಅರ್ಧವಿರಾಮ ಚಿಹ್ನೆ (;) ತೆಗೆಯಿರಿ. ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ಬದಲಿಸುವ ಕಂಪೈಲರ್ ಮುಂದಿನ ಸಾಲಿನತ್ತ ಬೆರಳು ತೋರಿಸಬಹುದು, ತಪ್ಪು ಇರುವುದು ಹಿಂದಿನ ಸಾಲಿನಲ್ಲಿ. ಸಂಖ್ಯೆಗಳನ್ನು ಓದಿಕೊಳ್ಳುವ ಸ್ಕ್ಯಾನ್‌ಎಫ್‌ನಲ್ಲಿ (scanf) ಆಂಪರ್ಸಂಡ್ (&) ಬರೆಯದೆ ಬಿಡಿ. ಕಂಪೈಲರ್ ಎಚ್ಚರಿಕೆ ಕೊಟ್ಟು ಸುಮ್ಮನಾಗಬಹುದು, ಆದರೆ ಸಂಖ್ಯೆ ಟೈಪ್ ಮಾಡಿ ಎಂಟರ್ ಒತ್ತಿದ ಕೂಡಲೇ ಪ್ರೋಗ್ರಾಂ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಬಿದ್ದುಹೋಗಬಹುದು. ಮನೆಯಲ್ಲಿ ಹತ್ತು ಸಲ ಕಂಡ ಎರರ್ ಪರೀಕ್ಷೆಯಲ್ಲಿ ಎದುರಾದರೆ ಕೈ ನಡುಗುವುದಿಲ್ಲ.

ಪರೀಕ್ಷೆಯ ದಿನ ಪ್ರವೇಶ ಪತ್ರ, ಗುರುತಿನ ಚೀಟಿ, ಪೆನ್ನು ಇಷ್ಟು ಸಾಕು. ಮೊಬೈಲ್, ಸ್ಮಾರ್ಟ್‌ವಾಚ್, ಪೆನ್‌ಡ್ರೈವ್ ಹೊರಗೇ ಇರಲಿ. ಬಳಸದಿದ್ದರೂ ಜೇಬಿನಲ್ಲಿ ಸಿಕ್ಕಿಬಿದ್ದರೆ ವಿವರಣೆ ಕೊಡುವುದು ಕಷ್ಟ.

ಸಿಸ್ಟಮ್ ಮುಂದೆ ಕುಳಿತ ತಕ್ಷಣ ಎರಡು ವಿಷಯ ನೋಡಿ. ಹಳೆಯ ಫೈಲುಗಳು ಉಳಿದಿದ್ದರೆ ತೆರೆಯಬೇಡಿ, ಮೇಲ್ವಿಚಾರಕರನ್ನು ಕರೆದು ತೋರಿಸಿ. ಎಡಿಟರ್ ತಾನಾಗಿಯೇ ಇಡೀ ಸಾಲುಗಳನ್ನು ಸೂಚಿಸುತ್ತಿದ್ದರೆ ಅದನ್ನೂ ಹೇಳಿ ನಿಲ್ಲಿಸಿಕೊಳ್ಳಿ. ಮೊದಲೇ ಹೇಳಿದವರ ಮೇಲೆ ಯಾರೂ ಅನುಮಾನಪಡುವುದಿಲ್ಲ.

ಇನ್ನು ಚೀಟಿ, ಅಂದರೆ ಯಾವ ಪ್ರೋಗ್ರಾಂ ಬರೆಯಬೇಕೆಂದು ತಿಳಿಯಲು ನೀವು ಎತ್ತುವ ಪ್ರಶ್ನೆಯ ಚೀಟಿ. ಬಂದ ಪ್ರಶ್ನೆ ಪೂರ್ತಿ ಗೊತ್ತಿಲ್ಲವೆಂದರೆ ಒಮ್ಮೆ ಬದಲಿಸಿಕೊಳ್ಳುವ ಅವಕಾಶವಿದೆ. ಆಗ ವಿಧಾನದ ಭಾಗಕ್ಕೆ ಮೀಸಲಾದ ಅಂಕ ಹೋಗುತ್ತದೆ. ಇದು ನಿಯಮದಲ್ಲೇ ಇರುವ ದಾರಿ, ಕೇಳಲು ನಾಚಿಕೆ ಬೇಡ. ಪಕ್ಕದವರ ಪರದೆಯತ್ತ ಕಣ್ಣು ಹಾಯಿಸುವುದಕ್ಕಿಂತ ಆ ನಷ್ಟ ಎಷ್ಟೋ ಚಿಕ್ಕದು.

ಮೊದಲು ಕಾಗದದ ಮೇಲೆ ಬರೆಯಿರಿ, ಆಮೇಲೆ ಟೈಪ್ ಮಾಡಿ. ಒಂದು ಫಂಕ್ಷನ್ ಮುಗಿದಾಗಲೆಲ್ಲ ಕಂಪೈಲ್ ಮಾಡಿ ಉಳಿಸಿ. ಇಪ್ಪತ್ತು ನಿಮಿಷವಾದರೂ ಎರರ್ ಬಗೆಹರಿಯದಿದ್ದರೆ ಆ ಭಾಗವನ್ನು ಕಂಪೈಲರ್ ಓದದಂತೆ ಕಾಮೆಂಟ್ ಮಾಡಿ, ಉಳಿದದ್ದು ಓಡುವಂತೆ ಮಾಡಿ ತೋರಿಸಿ. ಕೀಲಿಮಣೆಯೋ ಸಿಸ್ಟಮ್ಮೋ ಕೈಕೊಟ್ಟರೆ ಲ್ಯಾಬ್ ಸಿಬ್ಬಂದಿಯನ್ನು ಕರೆಯಬಹುದು. ಪ್ರೋಗ್ರಾಂ ಬಗ್ಗೆ ಮಾತ್ರ ಅವರನ್ನು ಕೇಳುವಂತಿಲ್ಲ. ಗೆಳತಿ ಪಿಸುಗುಟ್ಟಿ ಕೇಳಿದಾಗ ಉತ್ತರ ಹೇಳುವುದು ಸ್ನೇಹವೆಂದು ಅನೇಕರು ತಿಳಿದಿದ್ದಾರೆ. ಹೇಳಿಕೊಟ್ಟವರೂ ನಕಲಿನಲ್ಲಿ ಪಾಲುದಾರರೇ.

ತರಗತಿಯ ಕಿರುಪರೀಕ್ಷೆಗಳಲ್ಲಿ ಗೆಳೆಯರ ಪ್ರೋಗ್ರಾಂ ತೆಗೆದುಕೊಂಡು ವೇರಿಯಬಲ್‌ಗಳ ಹೆಸರು ಬದಲಿಸಿ ಸಲ್ಲಿಸುವವರಿದ್ದಾರೆ. ಕಂಪ್ಯೂಟರ್ ವಿಜ್ಞಾನಿ ಅಲೆಕ್ಸ್ ಐಕೆನ್ 1994ರಲ್ಲಿ ರೂಪಿಸಿದ ‘ಮಾಸ್’ ಎಂಬ ತಂತ್ರಾಂಶ ಇಂಥದ್ದನ್ನು ಹುಡುಕಲೆಂದೇ ಇದೆ. ಅದು ಹೆಸರುಗಳಿಗೆ ಗಮನ ಕೊಡದೆ ಪ್ರೋಗ್ರಾಮಿನ ರಚನೆಯನ್ನು ಹೋಲಿಸುತ್ತದೆ. ಮೊತ್ತ ಎಂಬುದನ್ನು ಟೋಟಲ್ ಎಂದು ಬದಲಿಸಿದರೂ ಲೂಪಿನೊಳಗಿನ ಲೂಪ್ ಹಾಗೆಯೇ ಉಳಿದಿರುತ್ತದಲ್ಲ.

ವೈವಾದಲ್ಲಿ ನಾನು ಸಾಮಾನ್ಯವಾಗಿ ಕೇಳುವುದು ಎರಡೇ: ‘ಈ ಸಾಲು ತೆಗೆದರೆ ಏನಾಗುತ್ತದೆ?’ ಮತ್ತು ‘ಪಟ್ಟಿ ಖಾಲಿಯಿದ್ದಾಗ ಅಳಿಸಲು ಹೇಳಿದರೆ?’ ತಾವೇ ಬರೆದವರು ತಪ್ಪು ಉತ್ತರ ಕೊಟ್ಟರೂ ಪರದೆಯ ಮೇಲೆ ಬೆರಳಿಟ್ಟು ಯೋಚಿಸುತ್ತಾರೆ. ಆ ಯೋಚನೆಗೆ ನಾನು ಅಂಕ ಕೊಡುತ್ತೇನೆ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಮೇಡಂ’ ಎಂದರೆ ಮುಂದಿನ ಪ್ರಶ್ನೆಗೆ ಹೋಗುತ್ತೇನೆ, ಅಷ್ಟೇ.

ಪರೀಕ್ಷಕರು ಔಟ್‌ಪುಟ್ ನೋಡಿ ಅಂಕ ಬರೆದುಕೊಂಡ ಮೇಲೂ ಒಂದು ಕೆಲಸ ಬಾಕಿಯಿರುತ್ತದೆ. ಅವರ ಒಪ್ಪಿಗೆ ಕೇಳಿ ನಿಮ್ಮ ಫೈಲ್ ಅಳಿಸಿ, ಲಾಗ್ಔಟ್ ಮಾಡಿ ಏಳಿ. ಮಧ್ಯಾಹ್ನದ ಬ್ಯಾಚಿನಲ್ಲಿ ಹೆದರಿದ ಇನ್ನೊಬ್ಬ ಹುಡುಗ ಅದೇ ಕುರ್ಚಿಯಲ್ಲಿ ಬಂದು ಕೂರಬಹುದು.