ಮಾಂಸಖಂಡ ಅದುರುವ ಭಯ: ಇಂಗ್ಲೆಂಡಿನಲ್ಲಿರುವ ಕೋಲಾರ ಕಡೆಯವರಿಗೆ ಎನ್‌ಎಚ್‌ಎಸ್ ದಾರಿ

ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆಯ ನಮಗೆ ನರದ ತೊಂದರೆಯೆಂದರೆ ಮೊದಲು ನೆನಪಾಗುವುದು ನಿಮ್ಹಾನ್ಸ್. ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ ಚೀಟಿ ಮಾಡಿಸುವುದು ರೂಢಿ. ಅದಕ್ಕೂ ಮೊದಲೇ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ದುಡ್ಡು ಕೊಟ್ಟು ಎಂಆರ್‌ಐ ಮಾಡಿಸಿಕೊಳ್ಳುವವರೂ ಇದ್ದಾರೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ನರರೋಗ ತಜ್ಞರ ಬಳಿಗೆ ನಾವಾಗಿಯೇ ಹೋಗುವಂತಿಲ್ಲ. ನೀವು ಹೆಸರು ನೋಂದಾಯಿಸಿರುವ ಜಿಪಿ, ಅಂದರೆ ಸ್ಥಳೀಯ ಸಾಮಾನ್ಯ ವೈದ್ಯರು, ಪರೀಕ್ಷಿಸಿ, ಅಗತ್ಯ ಕಂಡರೆ ಮಾತ್ರ ತಜ್ಞರಿಗೆ ಬರೆಯುತ್ತಾರೆ. ಇದನ್ನು ತಡೆಗೋಡೆಯೆಂದು ಭಾವಿಸಿ ಕುಗ್ಗಬೇಡಿ, ಏಕೆಂದರೆ ಮಾಂಸಖಂಡ ಅದುರುವ ತೊಂದರೆಯಲ್ಲಿ ಬಹುಪಾಲು ಉತ್ತರ ಸಿಗುವುದು ಜಿಪಿಯ ಕೋಣೆಯಲ್ಲಿಯೇ.

ಭಯ ಹೆಚ್ಚುವುದು ಸಾಮಾನ್ಯವಾಗಿ ರಾತ್ರಿ. ಮಲಗಿದಾಗ ಮೀನಖಂಡದ ಚರ್ಮದಡಿ ಏನೋ ಪಟಪಟನೆ ಹೊಡೆದುಕೊಳ್ಳುತ್ತದೆ; ಮೊಬೈಲ್ ಟಾರ್ಚ್ ಹಿಡಿದು ನೋಡುತ್ತೇವೆ, ಅದೇ ಮೊಬೈಲಿನಲ್ಲಿ ಹುಡುಕುತ್ತೇವೆ, ಸ್ನಾಯುಗಳ ಬಲವನ್ನು ಕ್ರಮೇಣ ಕುಂದಿಸುವ ಮೋಟಾರ್ ನ್ಯೂರಾನ್ ಕಾಯಿಲೆಯ ಹೆಸರು ಕಂಡೊಡನೆ ನಿದ್ದೆ ಹಾರಿಹೋಗುತ್ತದೆ. ಆರೋಗ್ಯವಂತರಲ್ಲಿಯೂ ಇಂಥ ಅದುರುವಿಕೆ ತೀರ ಸಾಮಾನ್ಯ. ನಿದ್ದೆಗೇಡು, ಅತಿಯಾದ ಕಾಫಿ, ಕಠಿಣ ವ್ಯಾಯಾಮ, ಆತಂಕ, ಆಸ್ತಮಾದ ಸಾಲ್ಬುಟಮಾಲ್ ಇನ್‌ಹೇಲರ್, ಇವೆಲ್ಲವೂ ಅದನ್ನು ಹೆಚ್ಚಿಸಬಲ್ಲವು. ಹೆದರಿದಷ್ಟೂ ಗಮನ ಅಲ್ಲೇ ನೆಟ್ಟು, ಅದುರುವುದು ಇನ್ನಷ್ಟು ಗೊತ್ತಾಗುತ್ತದೆ.

ಜಿಪಿ ಭೇಟಿಗೆ ಸಿಗುವುದು ಸುಮಾರು 10 ನಿಮಿಷ. ಆದ್ದರಿಂದ ಯಾವಾಗ ಆರಂಭವಾಯಿತು, ಒಂದೇ ಜಾಗವೋ ಹಲವು ಜಾಗವೋ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಮನೆತನದಲ್ಲಿ ನರರೋಗವಿತ್ತೇ ಎಂಬುದನ್ನು ಬರೆದುಕೊಂಡು ಹೋಗಿ. ಯಾವ ಕಾಯಿಲೆಯ ಭಯವಿದೆ ಎಂಬುದನ್ನು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ವೈದ್ಯರು ಆ ಪ್ರಶ್ನೆಗೆ ನೇರವಾಗಿ ಉತ್ತರಿಸಲಾರರು. ಇಂಗ್ಲಿಷ್ ಕಷ್ಟವಾದರೆ ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಕನ್ನಡ ದುಭಾಷಿಯನ್ನು ಕೇಳಿ, ಅದಕ್ಕೆ ಹಣ ಕೊಡಬೇಕಿಲ್ಲ. ವೈದ್ಯರು ಸುತ್ತಿಗೆಯಿಂದ ಮೊಣಕಾಲು ತಟ್ಟಿ, ಕೈಕಾಲುಗಳ ಬಲ ನೋಡಿ, ಹಿಮ್ಮಡಿಯ ಮೇಲೆ ನಡೆಸಿ, ನಾಲಿಗೆಯನ್ನೂ ಗಮನಿಸಬಹುದು. ಥೈರಾಯ್ಡ್, ಕ್ಯಾಲ್ಸಿಯಂ ಮುಂತಾದ ರಕ್ತಪರೀಕ್ಷೆಗೂ ಬರೆಯಬಹುದು. ಬಲ ಕುಂದದೆ, ಸ್ನಾಯು ಸೊರಗದೆ ಬರಿದೇ ಅದುರುತ್ತಿದ್ದರೆ ಸಾಮಾನ್ಯವಾಗಿ ತಜ್ಞರಿಗೆ ಕಳುಹಿಸಬೇಕಿಲ್ಲವೆಂಬುದೇ ವೈದ್ಯರಿಗೆ ಮಾರ್ಗಸೂಚಿ ರೂಪಿಸುವ ಅಲ್ಲಿನ ನೈಸ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ನಿಲುವು. ನಿಮ್ಮನ್ನು ಕಡೆಗಣಿಸಿದರೆಂದು ಆಗ ನೊಂದುಕೊಳ್ಳಬೇಡಿ.

ಸುಸ್ತು ಬೇರೆ, ಬಲ ಕುಂದುವುದು ಬೇರೆ. ಅಂಗಿಯ ಗುಂಡಿ ಹಾಕಲಾಗದಿರುವುದು, ಪಾದ ಎತ್ತಲಾಗದೆ ಎಡವುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಹೆಬ್ಬೆರಳ ಬುಡದ ಮಾಂಸ ಇಳಿಯುವುದು ದಿನೇ ದಿನೇ ಹೆಚ್ಚುತ್ತಿದ್ದರೆ ಮತ್ತೆ ಜಿಪಿಯನ್ನು ಕಾಣಲು ಹಿಂಜರಿಯಲೇಬೇಡಿ. ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು ಇದ್ದಕ್ಕಿದ್ದಂತೆ ಆದರೆ ಅದು ಪಾರ್ಶ್ವವಾಯುವಿರಬಹುದು. ತಕ್ಷಣ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. ತಜ್ಞರಿಗೆ ಬರೆದಾಗ ಮೊದಲ ಭೇಟಿಯ ಆಸ್ಪತ್ರೆಯನ್ನು ಆರಿಸಿಕೊಳ್ಳುವ ಹಕ್ಕು ಇಂಗ್ಲೆಂಡಿನಲ್ಲಿ ನಿಮಗಿರುತ್ತದೆ. ಚಿಕಿತ್ಸೆ 18 ವಾರಗಳೊಳಗೆ ಆರಂಭವಾಗಬೇಕೆಂಬ ಗುರಿಯಿದ್ದರೂ ಹಲವರು ಅದಕ್ಕಿಂತ ಹೆಚ್ಚು ಕಾಯುತ್ತಾರೆ. ರಜೆಗೆ ಊರಿಗೆ ಬಂದಾಗ ಎಂಆರ್‌ಐ ಮಾಡಿಸಿಬಿಡು ಎಂದು ಮನೆಯವರು ಒತ್ತಾಯಿಸಬಹುದು, ಆದರೆ ಸ್ನಾಯು ಮತ್ತು ನರದ ವಿದ್ಯುತ್ ಚಟುವಟಿಕೆಯನ್ನು ನೋಡುವುದು ಇಎಂಜಿ ಎಂಬ ಬೇರೆ ಪರೀಕ್ಷೆ. ಅದು ಬೇಕೇ ಎಂಬುದನ್ನು ನರರೋಗ ತಜ್ಞರು ನಿರ್ಧರಿಸಲಿ.

ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಭಯ ಬಿಡದೆ ಕಾಡಿದರೆ ಅದಕ್ಕೂ ಚಿಕಿತ್ಸೆಯಿದೆ. ಮಾತುಕತೆಯ ಮೂಲಕ ಚಿಕಿತ್ಸೆ ಕೊಡುವ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಸೇವೆಗೆ ಜಿಪಿಯ ಪತ್ರವಿಲ್ಲದೆ ನೀವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು, ಶುಲ್ಕವಿಲ್ಲ. ಕಾಲಿನ ಸುತ್ತಳತೆಯನ್ನು ಟೇಪಿನಿಂದ ಅಳೆಯುವುದು, ಬಲ ಇದೆಯೇ ಎಂದು ಗಂಟೆಗೊಮ್ಮೆ ತುದಿಗಾಲಲ್ಲಿ ನಿಲ್ಲುವುದು, ರಾತ್ರಿಯಿಡೀ ಹುಡುಕುವುದು, ಇಂಥ ಅಭ್ಯಾಸಗಳನ್ನು ಹಂತಹಂತವಾಗಿ ಬಿಡುವುದನ್ನು ಅಲ್ಲಿನ ಸಿಬಿಟಿಯಲ್ಲಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆಯಲ್ಲಿ, ಕಲಿಸುತ್ತಾರೆ. ಮನಸ್ಸಿನ ಚಿಕಿತ್ಸೆಯೆಂದರೆ ನಮ್ಮ ಕಡೆ ಇನ್ನೂ ಮುಚ್ಚಿಡುವ ವಿಷಯ. ಈ ಸಂಕೋಚದಿಂದಲೇ ಎಷ್ಟೋ ಜನ ತಿಂಗಳುಗಟ್ಟಲೆ ಒಬ್ಬರೇ ನರಳುವುದನ್ನು ನೆನೆದರೆ ಸಂಕಟವಾಗುತ್ತದೆ. ಅರ್ಜಿ ಹಾಕಲು ಧೈರ್ಯ ಬಾರದಿದ್ದರೆ, ಸಂಗಾತಿಯನ್ನೋ ಗೆಳೆಯರನ್ನೋ ಪಕ್ಕದಲ್ಲಿ ಕೂರಿಸಿಕೊಂಡು ತುಂಬಿ.